ಬೇರೇನೂ ಇಲ್ಲ ತಾನೇ?

ಮಾರುವ ಹಿಂದಿನ ರಾತ್ರಿ ಒಂದು ಬಿಳಿ ಹಾಳೆ ತೆಗೆದುಕೊಂಡು ನನ್ನ ಹಳೆಯ ಲ್ಯಾಪ್‌ಟಾಪಿನ ತೊಂದರೆಗಳನ್ನು ಬರೆಯಲು ಕೂತೆ. ಎಡಗಡೆಯ ಹಿಂಜು ಸಡಿಲ, ಪರದೆಯನ್ನು ಒಂದೇ ಕೈಯಲ್ಲಿ ಎತ್ತಬಾರದು. ಬ್ಯಾಟರಿ ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ಬಾರದು. ಬಲಗಡೆ ಎರಡು ಯುಎಸ್‌ಬಿ ಕಿಂಡಿಗಳಿವೆ, ಹಿಂದಿನದು ಸತ್ತಿದೆ. ಕೆಳಬಾಣದ ಕೀಗೆ ಮೇಲಿನ ಟೋಪಿ ಇಲ್ಲ, ಒಳಗಿನ ರಬ್ಬರನ್ನೇ ಒತ್ತಬೇಕು. ಪ್ಲಗ್ ತೆಗೆದಿಟ್ಟರೆ ಗಡಿಯಾರ ಹಿಂದೆ ಬೀಳುತ್ತದೆ, ಒಳಗಿನ ಬಟನ್ ಸೆಲ್ ಬದಲಿಸಬೇಕು. ಮೇಲೆ ‘ಗಮನಕ್ಕೆ’ ಎಂದು ಬರೆದು, ಸ್ಕೇಲಿಟ್ಟು ಅಡಿಗೆರೆ ಎಳೆದೆ. ಅಕ್ಷರ ಮುದ್ದಾಗಿ ಬಂದಿತ್ತು. ಓದಿ ನನಗೇ ನನ್ನ ಮೇಲೆ ಗೌರವ ಹುಟ್ಟಿತು.

ಆರನೆಯದನ್ನು ಬರೆಯಲಿಲ್ಲ.

ಆರನೆಯದು ಹೀಗೆ. ಆನ್ ಮಾಡಿ ಮುಕ್ಕಾಲು ಗಂಟೆಯಾಗಿ ಮೈ ಬಿಸಿಯೇರಿತೆಂದರೆ ಪರದೆಯ ಮೇಲೆ ಉದ್ದುದ್ದ ಗೆರೆ ಮೂಡಿ, ಚಿತ್ರ ಕದಡಿ, ಎಲ್ಲ ಕಪ್ಪಾಗುತ್ತಿತ್ತು. ಅರ್ಧ ಗಂಟೆ ತಣ್ಣಗಾಗಲು ಬಿಟ್ಟರೆ ಏನೂ ನಡೆದೇ ಇಲ್ಲವೆಂಬಂತೆ ಎದ್ದು ಕೂರುತ್ತಿತ್ತು. 2014ರಲ್ಲಿ ಕೊಂಡ ಯಂತ್ರ, ಒಂಬತ್ತು ವರ್ಷ ದುಡಿದಿತ್ತು. ನಡುವೆ ನಾನೇ ಹಾರ್ಡ್‌ಡಿಸ್ಕ್ ತೆಗೆಸಿ 256 ಜಿಬಿಯ ಎಸ್‌ಎಸ್‌ಡಿ ಹಾಕಿಸಿದ್ದರಿಂದ, ಮುಪ್ಪಿನಲ್ಲಿ ಹಲ್ಲು ಕಟ್ಟಿಸಿಕೊಂಡವರಂತೆ ಚುರುಕಾಗಿಯೇ ಕಾಣುತ್ತಿತ್ತು. 2023ರ ಡಿಸೆಂಬರಿನಲ್ಲಿ ಅದನ್ನು ಬೆಂಗಳೂರಿನ ಎಸ್.ಪಿ. ರೋಡಿಗೆ ಒಯ್ದೆ. ಟೌನ್‌ಹಾಲಿನ ಹತ್ತಿರದ ಆ ಸಾದರ ಪತ್ರಪ್ಪ ರಸ್ತೆಯನ್ನು ಪೂರ್ತಿ ಹೆಸರಿನಿಂದ ಕರೆಯುವವರನ್ನು ನಾನು ಕಂಡಿಲ್ಲ. ಮೊದಲ ಮಹಡಿಯಲ್ಲಿ ಒಂದು ಅಂಗಡಿ. ಅಂಗಡಿ ಅನ್ನುವುದಕ್ಕಿಂತ ಮೆಟ್ಟಿಲು ತಿರುಗುವ ಕಡೆ ಹಾಕಿಕೊಂಡ ಮೇಜು ಅನ್ನಬೇಕು. ‘ಚಿಪ್ ಲೆವೆಲ್ ಸರ್ವಿಸ್’ ಎಂಬ ಬೋರ್ಡು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಮೆಕಾನಿಕ್ ತಳ ಬಿಚ್ಚಿ, ಫ್ಯಾನಿನಲ್ಲಿ ಕಂಬಳಿಯಂತೆ ಕೂತಿದ್ದ ದೂಳನ್ನು ಬ್ರಷ್ಷಿನಲ್ಲಿ ಎತ್ತಿ ಪಕ್ಕಕ್ಕಿಟ್ಟ.

ಅವನು ಹೇಳಿದ್ದು ಇಷ್ಟು: ಗ್ರಾಫಿಕ್ಸ್ ಚಿಪ್ಪಿನ ಕೆಳಗೆ ಸಾಸಿವೆಗಿಂತ ಚಿಕ್ಕ ಬೆಸುಗೆಯ ಗುಂಡುಗಳು ನೂರಾರು ಇರುತ್ತವೆ. ಚಿಪ್ಪು ಬೋರ್ಡಿಗೆ ಅಂಟಿಕೊಂಡಿರುವುದೇ ಅವುಗಳ ಮೇಲೆ. ದಿನಾ ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗಿ, ವರ್ಷಗಳು ಕಳೆದಂತೆ ಕೆಲವು ಕೂದಲೆಳೆಯಷ್ಟು ಬಿರುಕು ಬಿಡುತ್ತವೆ. ತಣ್ಣಗಿದ್ದಾಗ ಬಿರುಕಿನ ಎರಡು ಬದಿಗಳು ತಾಗಿಕೊಂಡಿರುತ್ತವೆ, ಬಿಸಿಯಾದಾಗ ಬಾಯಿ ಬಿಡುತ್ತವೆ. (2006ರಲ್ಲಿ ಯೂರೋಪು ಸೀಸದ ಬೆಸುಗೆಗೆ ತಡೆ ಹಾಕಿದ ಮೇಲೆ ಈ ಕಾಯಿಲೆ ಹೆಚ್ಚಿತು ಎಂಬ ವಾದವನ್ನು ಆಮೇಲೆ ಓದಿದೆ. ಅಷ್ಟು ದೂರದ ಕಾನೂನೊಂದರ ಮೇಲೆ ತಪ್ಪು ಹೊರಿಸಲು ಸಿಕ್ಕಿದ್ದು ಆಗ ಹಿತವಾಗಿತ್ತು.) ಮೆಕಾನಿಕ್ ಹಾಟ್ ಏರ್ ಹಿಡಿದು ಆ ಗುಂಡುಗಳನ್ನು ಮತ್ತೆ ಕರಗಿಸಿ ಕೂರಿಸಿದ. 1,200 ರೂಪಾಯಿ. ದುಡ್ಡು ಎಣಿಸಿಕೊಳ್ಳುತ್ತಾ ಅಂದ, “ಇದು ರಿಪೇರಿ ಅಲ್ಲ ಸಾರ್, ತೇಪೆ. ಎರಡು ತಿಂಗಳು ಬರಬೌದು, ಮೂರು ಬರಬೌದು. ಗ್ಯಾರಂಟಿ ಇಲ್ಲ. ಅಷ್ಟರಲ್ಲಿ ತಳ್ಳಿಬಿಡಿ.”

ತಳ್ಳಿಬಿಡಿ. ಈ ಮಾತಿಗೆ ನಾನು ನಕ್ಕೆ. ಅವನೂ ನಕ್ಕ. ಸಮಾನ ದುಃಖಿಗಳು ನಗುವ ನಗೆ ಅದು ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಪಾಲುದಾರರ ನಗೆ.

ಕೊಳ್ಳಲು ಬಂದವರು ತಿಪಟೂರಿನ ಕಡೆಯ ಒಬ್ಬ ರೈತ ಮತ್ತು ಬಿಸಿಎ ಓದುತ್ತಿದ್ದ ಅವರ ಮಗಳು. ನಮ್ಮ ಪಕ್ಕದ ಮನೆಯವರ ಊರಿನವರು. ಹೀಗಾಗಿ ನನ್ನ ಹೆಸರಿಗೆ ಮೊದಲೇ ಒಂದು ಸರ್ಟಿಫಿಕೇಟ್ ಸಿಕ್ಕಿತ್ತು: “ಬ್ಯಾಂಕಿನಲ್ಲಿ ಇದಾರೆ, ಲಾ ಓದಿದಾರೆ, ಸುಳ್ಳು ಹೇಳೋರಲ್ಲ.” 2024ರ ಫೆಬ್ರವರಿ, ಭಾನುವಾರ. ಹಾಟ್ ಏರ್ ಕೊಡಿಸಿ ಎರಡು ತಿಂಗಳು ಮುಗಿದಿತ್ತು. ಹಿಂದಿನ ವಾರವಷ್ಟೇ ಪರದೆಯ ಮೂಲೆಯಲ್ಲಿ ಒಂದು ಗೆರೆ ಮೂಡಿ ಮಾಯವಾಗಿತ್ತು. ಅದನ್ನು ಕಂಡೂ ಕಾಣದಂತೆ ಇರಲು ಪ್ರಯತ್ನಿಸಿದ್ದೆ. ನೋಡಿದವನು ನಾನೊಬ್ಬನೇ ಆಗಿದ್ದರಿಂದ ಅದು ಕಷ್ಟವಾಗಲಿಲ್ಲ.

ಇನ್ನು ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. ಶನಿವಾರ ರಾತ್ರಿಯಿಂದ ಲ್ಯಾಪ್‌ಟಾಪನ್ನು ಆನ್ ಮಾಡಲಿಲ್ಲ. ಮುಂದಿನ ಕೋಣೆಯ ರೆಡ್ ಆಕ್ಸೈಡ್ ನೆಲದ ಮೇಲೆ, ತಣ್ಣನೆಯ ಜಾಗದಲ್ಲಿ ಇಟ್ಟೆ. ಅವರು ಬರುವ ಹೊತ್ತಿಗೆ ಫ್ಯಾನನ್ನು ಐದಕ್ಕೆ ತಿರುಗಿಸಿದೆ. ಇದನ್ನೆಲ್ಲ ಯಾರೋ ನನ್ನ ಕೈಯಿಂದ ಮಾಡಿಸಿದಂತೆ ಮಾಡಿದೆ. ‘ಮೋಸ ಮಾಡುತ್ತಿದ್ದೇನೆ’ ಎಂಬ ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆಯೂ ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದು ‘ಫೆಬ್ರವರಿಗೇ ಎಷ್ಟು ಸೆಕೆ’ ಅಂತ.

ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು ಮುಚ್ಚಳ ತೆರೆದಳು, ಎರಡೂ ಕೈಯಲ್ಲಿ. ಹಾಳೆ ಓದಿದ್ದಳಲ್ಲ. ಕೈ ಊರುವ ಜಾಗದಲ್ಲಿ ನನ್ನ ಅಂಗೈ ಉಜ್ಜಿ ಉಜ್ಜಿ ಹೊಳಪೇರಿತ್ತು, ಅದನ್ನು ದುಪಟ್ಟಾದ ಅಂಚಿನಿಂದ ಒರೆಸಿದಳು. ತನ್ನ ಹೆಸರು ಟೈಪ್ ಮಾಡಿದಳು, ಅಳಿಸಿದಳು, ಅಪ್ಪನ ಹೆಸರು ಟೈಪ್ ಮಾಡಿ ಅವರಿಗೆ ತೋರಿಸಿದಳು. ಟೋಪಿಯಿಲ್ಲದ ಕೆಳಬಾಣವನ್ನು ಒತ್ತಿ ನೋಡಿ, “ಇದು ಅಭ್ಯಾಸ ಆಗುತ್ತೆ ಅಂಕಲ್” ಅಂದಳು. ಅಪ್ಪ ನನ್ನ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ ಕೇಳಿದರು:

“ನಮಗಿದೆಲ್ಲ ತಿಳಿಯೋದಿಲ್ಲ ಸಾರ್. ನೀವೇ ಎಲ್ಲಾ ಬರೆದು ಕೊಟ್ಟಿದೀರಿ. ಬೇರೇನೂ ಇಲ್ಲ ತಾನೇ?”

ಇಲ್ಲ ಎಂದು ನಾನು ಹೇಳಲಿಲ್ಲ. ನನ್ನ ಜಾಣತನ ಇರುವುದೇ ಇಲ್ಲಿ. “ಹಳೇ ಗಾಡಿ ಅಲ್ವಾ, ಹುಷಾರಾಗಿ ನೋಡ್ಕೋಬೇಕು” ಅಂದೆ. ಆ ಮಾತಿಗೆ ಅರ್ಥವಿಲ್ಲ, ಸುಳ್ಳೂ ಇಲ್ಲ. ಅಷ್ಟರಲ್ಲಿ ಗೋಡೆ ಗಡಿಯಾರ ನೋಡಿದೆ. ಆನ್ ಮಾಡಿ ಇಪ್ಪತ್ತೆಂಟು ನಿಮಿಷ. ಒಳಗೆ ಹೋಗಿ, “ಕಾಫಿ ಆಯ್ತಾ?” ಅಂದೆ. ಹೆಂಡತಿ ಫಿಲ್ಟರಿನ ಡಿಕಾಕ್ಷನ್ ಇನ್ನೂ ಇಳಿಯುತ್ತಿದೆ ಅಂದರೂ, ಇದ್ದಷ್ಟಕ್ಕೇ ಹಾಲು ಬೆರೆಸಿ ತಂದೆ. ಟ್ರೇ ಇಡಲು ಜಾಗ ಬೇಕಲ್ಲ. “ಚೆಲ್ಲಿಬಿಟ್ರೆ ಕಷ್ಟ” ಎನ್ನುತ್ತಾ ಲ್ಯಾಪ್‌ಟಾಪನ್ನು ಶಟ್‌ಡೌನ್ ಮಾಡಿ, ಮುಚ್ಚಳ ಮುಚ್ಚಿ, ಪಕ್ಕಕ್ಕೆ ಸರಿಸಿದೆ. ಅತಿಥಿ ಸತ್ಕಾರವನ್ನು ಇಂಥ ಕೆಲಸಕ್ಕೆ ಬಳಸಬಹುದೆಂದು ಐವತ್ತು ದಾಟಿದ ಮೇಲೆ ನನಗೆ ಗೊತ್ತಾಯಿತು.

11,000 ರೂಪಾಯಿ ಎಂದು ಮೊದಲೇ ಹೇಳಿದ್ದೆ. ಚೌಕಾಸಿ ಮಾಡುತ್ತಾರೆ, ಒಂಬತ್ತಕ್ಕೆ ಬಂದರೆ ಸಾಕು ಎಂಬ ಲೆಕ್ಕ. ಅವರು ಮಾಡಲಿಲ್ಲ. ಕರವಸ್ತ್ರದ ಗಂಟು ಬಿಚ್ಚಿ ಐನೂರರ ಇಪ್ಪತ್ತೆರಡು ನೋಟು ಎಣಿಸಿದರು. ನನಗೆ ಎಲ್ಲೋ ಚುಚ್ಚಿತು. ಅದರಲ್ಲೊಂದು ನೋಟು ತೆಗೆದು, “ನೀವು ದೂರದಿಂದ ಬಂದಿದೀರಿ, ಚಾರ್ಜಿಗೆ ಇಟ್ಕೊಳ್ಳಿ” ಎಂದು ಅವರ ಕೈಗೆ ತುರುಕಿದೆ. ಬೇಡ ಬೇಡ ಅಂದರು. ಬಲವಂತ ಮಾಡಿದೆ. ಗೇಟಿನ ತನಕ ಹೋಗಿ ಕಳಿಸಿ ಬಂದಾಗ ಹೆಂಡತಿ, “ನೀವು ಯಾವಾಗಲೂ ಹೀಗೇ, ಕೈ ದೊಡ್ಡದು” ಅಂದಳು.

ಕಾನೂನು ಓದಿದವನ ಒಂದು ದುರದೃಷ್ಟವೆಂದರೆ, ತಪ್ಪು ಮಾಡಿದ ರಾತ್ರಿ ಅದಕ್ಕೆ ಕಲಮು ಯಾವುದೆಂದು ಹುಡುಕುತ್ತಾನೆ. ಸಂಜೆ ಕಾಲೇಜಿನ ಎಲ್‌ಎಲ್‌ಬಿ ನನ್ನದು, ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ಆದರೂ 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನ ಕುದುರೆಯನ್ನು ಮರೆತಿರಲಿಲ್ಲ. ವಂಚನೆ ಎಂದರೇನೆಂದು ಹೇಳುವ ಕಲಮು ಅದು. ಸುಮ್ಮನಿರುವುದಷ್ಟೇ ವಂಚನೆಯಲ್ಲ ಎನ್ನುತ್ತದೆ. ಅದಕ್ಕೆ ಕೊಟ್ಟ ಮೊದಲ ದೃಷ್ಟಾಂತದಲ್ಲಿ ಒಬ್ಬ ತನ್ನ ಕುದುರೆಗೆ ಊನವಿದೆಯೆಂದು ಗೊತ್ತಿದ್ದೂ ಹರಾಜಿನಲ್ಲಿ ಇನ್ನೊಬ್ಬನಿಗೆ ಮಾರುತ್ತಾನೆ, ಏನೂ ಹೇಳುವುದಿಲ್ಲ. ಇದು ವಂಚನೆಯಲ್ಲ. ಓದಿ ಉಸಿರು ಬಿಟ್ಟೆ. ನನ್ನ ದೌರ್ಭಾಗ್ಯಕ್ಕೆ ಕಾಯ್ದೆ ಬರೆದವರು ಅಲ್ಲಿಗೇ ನಿಲ್ಲಿಸಿಲ್ಲ. ಎರಡನೆಯ ದೃಷ್ಟಾಂತದಲ್ಲಿ ಕೊಳ್ಳುವವಳು ಮಾರುವವನ ಮಗಳು, ಆಗಷ್ಟೇ ಪ್ರಾಯಕ್ಕೆ ಬಂದವಳು. ಅಲ್ಲಿ ಆ ನಂಟೇ ಅವನನ್ನು ಹೇಳಲು ಬದ್ಧನನ್ನಾಗಿಸುತ್ತದೆ. ಮೂರನೆಯದರಲ್ಲಿ ಕೊಳ್ಳುವವನು ಬಾಯಿಬಿಟ್ಟು ಅನ್ನುತ್ತಾನೆ: ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ. ಮಾರುವವನು ಸುಮ್ಮನಿರುತ್ತಾನೆ. ಆ ಮೌನ ಮಾತಿಗೆ ಸಮ.

ತಿಪಟೂರಿನ ಆ ರೈತ ಕಾಯ್ದೆಯ ಪುಸ್ತಕ ನೋಡಿದವರಲ್ಲ. ಆದರೂ ಮೂರನೆಯ ದೃಷ್ಟಾಂತವನ್ನು ಹೆಚ್ಚು ಕಡಿಮೆ ಹಾಗೇ ನನ್ನ ಮುಂದೆ ಆಡಿಹೋಗಿದ್ದರು.

ಆದರೂ ಪುಟ ತಿರುಗಿಸಿದೆ. 19ನೇ ಕಲಮಿನಲ್ಲಿ ಒಂದು ಸಂದಿಯಿದೆ: ಇಂಥ ಮೌನದಿಂದ ಮೋಸಹೋದವನು ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ತಾನೇ ಸತ್ಯ ಕಂಡುಕೊಳ್ಳಬಹುದಾಗಿತ್ತು ಎಂದಾದರೆ, ಕರಾರನ್ನು ರದ್ದು ಮಾಡುವ ಹಕ್ಕು ಅವನಿಗಿಲ್ಲ. ಹಾಗಾದರೆ ಅವರು ಮುಕ್ಕಾಲು ಗಂಟೆ ಆನ್ ಮಾಡಿ ನೋಡಬಹುದಿತ್ತಲ್ಲ! ಈ ವಾದ ಹೊಳೆದಾಗ ನಿಜಕ್ಕೂ ಖುಷಿಯಾಯಿತು, ಹಾಸಿಗೆಯಲ್ಲಿ ಎದ್ದು ಕೂತೆ. ಆಮೇಲೆ ಕಾಫಿ ನೆನಪಾಯಿತು.

ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದರು. ಅಲ್ಲೇನು ಎಲ್ಲರೂ ಹರಿಶ್ಚಂದ್ರರಲ್ಲ. ಕೊಂಬು ಹೆರೆದು ಎಣ್ಣೆ ಸವರುವುದು, ಕುಂಟು ಕಾಣದ ಹಾಗೆ ಹೊರಳಿಸಿ ನಡೆಸುವುದು, ಎಲ್ಲ ಇತ್ತು. ಆದರೆ ಕೊಳ್ಳುವವನೂ ಕಣ್ಣುಳ್ಳವನು. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಬೆನ್ನಿನ ಸುಳಿ ನೋಡುತ್ತಿದ್ದ. ನೊಗ ಕಟ್ಟಿ ನಾಲ್ಕು ಹೆಜ್ಜೆ ನಡೆಸುತ್ತಿದ್ದ. ಬೆಲೆಯನ್ನಂತೂ ಟವೆಲಿನ ಕೆಳಗೆ ಬೆರಳು ಹಿಡಿದು ಕುದುರಿಸುತ್ತಿದ್ದರು, ಪಕ್ಕದವನಿಗೂ ತಿಳಿಯದು. ಇಬ್ಬರಿಗೂ ಎತ್ತು ಗೊತ್ತು, ಇಬ್ಬರಿಗೂ ಆಟ ಗೊತ್ತು. ನನ್ನ ಮನೆಯ ಮುಂದಿನ ಕೋಣೆಯಲ್ಲಿ ಆಟ ಗೊತ್ತಿದ್ದವನು ಒಬ್ಬನೇ. ಲ್ಯಾಪ್‌ಟಾಪಿನ ಹಲ್ಲು ಎಣಿಸುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಅದಕ್ಕೇ ನನ್ನ ಹಾಳೆಯನ್ನು ನಂಬಿದರು.

ಹಾಳೆಯ ಬಗ್ಗೆ ಇನ್ನಷ್ಟು ಹೇಳಬೇಕು, ಯಾಕೆಂದರೆ ನನ್ನನ್ನು ಕಾಡುವುದು ಅದೇ. ಜಾರ್ಜ್ ಅಕೆರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ ಸೆಕೆಂಡ್‌ಹ್ಯಾಂಡ್ ಕಾರುಗಳ ಮಾರುಕಟ್ಟೆಯನ್ನು ಕುರಿತು 1970ರಲ್ಲಿ ಒಂದು ಪ್ರಬಂಧ ಬರೆದರು. 2001ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಬಂತು. ಮಾರುವವನಿಗೆ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲದರ ಮೇಲೂ ಅನುಮಾನಪಟ್ಟು ಕಡಿಮೆ ಬೆಲೆಗೇ ಕೇಳುತ್ತಾನೆ. ಅಂದರೆ ನನ್ನ ಸುಳ್ಳಿಗೆ ಬೆಲೆಯಲ್ಲೇ ಕಡಿತ ಆಗಿರಬೇಕು, ಯಾರಿಗೂ ನಷ್ಟವಿಲ್ಲ. ಹೀಗೆಂದು ಸಮಾಧಾನ ಮಾಡಿಕೊಳ್ಳಲು ಹೋದೆ. ಆದರೆ ಅವರು ಕಡಿಮೆಗೆ ಕೇಳಿರಲಿಲ್ಲ. ಅನುಮಾನವನ್ನು ನನ್ನ ಹಾಳೆ ಕೊಂದುಹಾಕಿತ್ತು. ಟೋಪಿಯಿಲ್ಲದ ಕೀಯನ್ನೂ ಬರೆದು ಕೊಡುವ ಮನುಷ್ಯ ದೊಡ್ಡದನ್ನು ಮುಚ್ಚಿಡುತ್ತಾನೆಯೇ? ಏನೂ ಹೇಳದೆ ಮಾರಿದ್ದರೆ ಒಂಬತ್ತು ಸಾವಿರ ಸಿಗುತ್ತಿತ್ತು. ಐದು ನಿಜ ಹೇಳಿದ್ದಕ್ಕೆ ಹನ್ನೊಂದು ಸಿಕ್ಕಿತು. ಆ ಐದೂ ನಿಜಗಳು ಆರನೆಯದರ ಸುತ್ತ ಹಾಕಿದ ಬೇಲಿ.

ವಿಂಡೋಸ್ ವಿಷಯವನ್ನೂ ನಾನು ಎತ್ತಿರಲಿಲ್ಲ ಎಂಬುದನ್ನು ಇಲ್ಲೇ ಸೇರಿಸಿಬಿಡುತ್ತೇನೆ. ಅದರಲ್ಲಿದ್ದದ್ದು ವಿಂಡೋಸ್ 10. ಅದಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲುತ್ತದೆಂದು ಆಗಲೇ ಗೊತ್ತಿತ್ತು. ಅಷ್ಟು ಹಳೆಯ ಪ್ರೊಸೆಸರಿಗೆ ವಿಂಡೋಸ್ 11 ಸಿಗುವುದಿಲ್ಲವೆಂಬುದೂ. ಮೂರು ವರ್ಷದ ಕೋರ್ಸಿಗೆಂದು ಕೊಳ್ಳುವವಳಿಗೆ ಹೇಳಬೇಕಾದ ಮಾತೇ. ‘ಅದು ಹಾರ್ಡ್‌ವೇರ್ ದೋಷ ಅಲ್ಲವಲ್ಲ’ ಎಂದುಕೊಂಡಿದ್ದೆ.

ದುಡ್ಡಿಗಾಗಿ ಮಾಡಿದೆನೇ? ಹೊಸ ಲ್ಯಾಪ್‌ಟಾಪಿಗೆ 62,000 ಕೊಟ್ಟಿದ್ದೆ. ಅದರಲ್ಲಿ ಎರಡು ಸಾವಿರ ಹೆಚ್ಚು ಕಡಿಮೆಯಾದರೆ ನನ್ನ ಮನೆ ಮುಳುಗುತ್ತಿರಲಿಲ್ಲ. ನಿಜ ಹೇಳಿದರೆ, ಹಳೆಯದನ್ನು ಗುಜರಿಗೆ ಹಾಕಿದ ದಡ್ಡ ಎನಿಸಿಕೊಳ್ಳಬಾರದಿತ್ತು. ಆಫೀಸಿನಲ್ಲಿ ‘ಎಷ್ಟಕ್ಕೆ ಹೋಯ್ತು?’ ಎಂದು ಕೇಳಿದವರಿಗೆ ‘ಹನ್ನೊಂದು’ ಎನ್ನುವ ಸುಖ ಬೇಕಿತ್ತು. ಒಳ್ಳೆಯವನೂ ಆಗಬೇಕು, ಜಾಣನೂ ಆಗಬೇಕು, ಎರಡೂ ಒಂದೇ ಭಾನುವಾರ.

ಐದು ವಾರಕ್ಕೆ ಫೋನ್ ಬಂತು. ಆ ಹೆಸರು ಪರದೆಯ ಮೇಲೆ ಕಂಡಾಗ ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಎತ್ತಿ, ಜಗಳಕ್ಕೆ ಸಿದ್ಧನಾಗಿಯೇ ‘ಹೇಳಿ’ ಅಂದೆ. ಆ ಕಡೆಯಿಂದ ಬಂದದ್ದು ಕ್ಷಮೆ. “ಸಾರ್, ತಪ್ಪು ತಿಳ್ಕೋಬೇಡಿ. ನೀವು ಅಷ್ಟು ಚೆನ್ನಾಗಿ ಇಟ್ಕೊಂಡಿದ್ರಿ. ನಮ್ಮ ಹುಡುಗಿ ಏನೋ ಒತ್ತಿಬಿಟ್ಟವಳೆ. ಗೆರೆ ಗೆರೆ ಬಂದು ಆಫ್ ಆಗ್ತದೆ. ಮೂರು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ, ಹಾಳು ಮಾಡಿಬಿಟ್ಟೆ ಅಂತ.”

ಆಗಲೇ ಹೇಳಬಹುದಿತ್ತು. ‘ಅವಳೇನೂ ಮಾಡಿಲ್ಲ’ ಎಂಬ ಎರಡು ಪದ ಸಾಕಿತ್ತು, ಹುಡುಗಿ ಆ ರಾತ್ರಿ ಉಣ್ಣುತ್ತಿದ್ದಳು. ನಾನು ಅಂದದ್ದು: “ಇರಲಿ ಬಿಡಿ, ಮಕ್ಕಳು. ತಗೊಂಡು ಬನ್ನಿ, ನನಗೆ ಗೊತ್ತಿರೋ ಅಂಗಡಿ ಇದೆ. ನಾನೇ ಮಾಡಿಸಿಕೊಡ್ತೀನಿ.” ತಪ್ಪನ್ನು ಅವಳ ಮೇಲೆಯೇ ಉಳಿಸಿ, ಅದನ್ನು ಕ್ಷಮಿಸುವ ದೊಡ್ಡತನವನ್ನೂ ನಾನೇ ಇಟ್ಟುಕೊಂಡೆ. ಫೋನ್ ಇಟ್ಟಾಗ ಮನಸ್ಸು ಹಗುರವಾಗಿತ್ತು. ಈ ಬರಹದಲ್ಲಿ ನನಗೆ ಅತ್ಯಂತ ನಾಚಿಕೆ ತರುವ ವಾಕ್ಯ ಇದು.

ಶನಿವಾರ ಟೌನ್‌ಹಾಲಿನ ಬಳಿ ಸಿಕ್ಕರು, ಒಬ್ಬರೇ ಬಂದಿದ್ದರು. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಗೊಬ್ಬರದ ಚೀಲ. “ಮನೆ ಕಾಯಿ ಸಾರ್, ಅಮ್ಮಾವ್ರಿಗೆ ಕೊಡಿ.” ಸುಲಿದ ಕಾಯಿ, ಜುಟ್ಟು ಬಿಟ್ಟದ್ದು, ಹನ್ನೆರಡು ಹದಿಮೂರು ಇದ್ದವು. ಚೀಲ ನನ್ನ ಕೈಗೆ ಬಂತು. ಅದನ್ನು ಹೊತ್ತುಕೊಂಡೇ ಎಸ್.ಪಿ. ರೋಡಿನ ಆ ಇಕ್ಕಟ್ಟಿನಲ್ಲಿ ತಳ್ಳುಗಾಡಿ, ಸ್ಕೂಟರು, ತಲೆಯ ಮೇಲೆ ಟಿವಿ ಪೆಟ್ಟಿಗೆ ಹೊತ್ತ ಹಮಾಲರನ್ನು ದಾಟಿ ಮೆಟ್ಟಿಲು ಹತ್ತಿದೆ. ಬೇರೆ ಅಂಗಡಿಗೆ ಹೋಗಬಹುದಿತ್ತು. ಅಲ್ಲಿ ಅಂಗಡಿಗಳಿಗೇನು ಬರ? ಆದರೆ ಕಾಯಿಲೆ ಗೊತ್ತಿರುವವನಾದರೆ ಬೇಗ ಮುಗಿಯುತ್ತದೆ, ಹಿಂದಿನದನ್ನು ಯಾರು ನೆನಪಿಟ್ಟುಕೊಂಡಿರುತ್ತಾರೆ ಎಂದುಕೊಂಡೆ. ದಿನಕ್ಕೆ ಇಪ್ಪತ್ತು ಮೂವತ್ತು ಲ್ಯಾಪ್‌ಟಾಪ್ ಬಿಚ್ಚುವ ಮನುಷ್ಯ.

ಮೆಕಾನಿಕ್ ಭೂತಗನ್ನಡಿ ಹಣೆಗೇರಿಸಿ, ಲ್ಯಾಪ್‌ಟಾಪನ್ನು ತಿರುಗಿಸಿ, ತಳದ ಸ್ಕ್ರೂಗಳ ಮೇಲೆ ಬೆರಳಾಡಿಸಿದ. ಒಂದು ಸ್ಕ್ರೂ ಕಂಪನಿಯದಾಗಿರಲಿಲ್ಲ, ಡಿಸೆಂಬರಿನಲ್ಲಿ ಅವನೇ ಹಾಕಿದ್ದು.

“ಏನ್ ಸಾರ್, ಇನ್ನೂ ತಳ್ಳಿಲ್ವಾ ಇದನ್ನ?”

ಕೆಳಗೆ ಯಾವುದೋ ಅಂಗಡಿಯಲ್ಲಿ ಸ್ಪೀಕರ್ ಪರೀಕ್ಷೆ ಮಾಡುತ್ತಿದ್ದರು. ಅದರ ಸದ್ದಿನಲ್ಲಿ ಈ ಮಾತು ಕೇಳಿಸಿರಲಿಕ್ಕಿಲ್ಲ ಎಂದು ಒಂದು ಕ್ಷಣ ನಂಬಿದೆ. ಹಿಂದೆ ತಿರುಗಲು ಧೈರ್ಯವಾಗಲಿಲ್ಲ. ತಿರುಗಿದಾಗ ಅವರು ನನ್ನನ್ನು ನೋಡುತ್ತಿರಲಿಲ್ಲ, ಗೋಡೆಗೆ ನೇತುಹಾಕಿದ್ದ ಚಾರ್ಜರುಗಳನ್ನು ನೋಡುತ್ತಿದ್ದರು. ಜೇಬಿನಿಂದ ಏನೋ ತೆಗೆಯಲು ಹೋಗಿ ಮತ್ತೆ ಒಳಗಿಟ್ಟರು. ನಾಲ್ಕಾಗಿ ಮಡಚಿದ ಹಾಳೆಯ ಅಂಚು ಕಂಡಿತು. ಏನೂ ಕೇಳಲಿಲ್ಲ.

ಅದೇ ಮಾಡೆಲಿನ ಹಳೆಯ ಮದರ್‌ಬೋರ್ಡ್ ಸಿಕ್ಕಿತು, ಗ್ರಾಫಿಕ್ಸ್ ಚಿಪ್ಪು ಬೇರೆ ಇಲ್ಲದ್ದು. ಕೂಲಿ ಸೇರಿ 4,800 ಆಯಿತು. ಆ ಕೆಲಸ ಮುಗಿಯುವಷ್ಟು ಹೊತ್ತು ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಮಾತಾಡಲೇಬೇಕೆನಿಸಿ, ಈ ಸಲ ಕೊಬ್ಬರಿ ರೇಟು ಹೇಗೆ ಅಂದೆ. ಹೇಳಿದರು. ಮಳೆ ಅಂದೆ. ಅದನ್ನೂ ಹೇಳಿದರು. ‘ನನಗೆ ಮೊದಲೇ ಗೊತ್ತಿತ್ತು’ ಎಂಬ ಮಾತು ಗಂಟಲಿಗೆ ಬಂದು, ಪ್ರತಿ ಸಲವೂ ಕೊಬ್ಬರಿಯಾಗಿಯೋ ಮಳೆಯಾಗಿಯೋ ಹೊರಬಿತ್ತು. ಬೋರ್ಡು ಕೂರಿಸಿದ ಮೇಲೆ ಅವರು, “ಒಂದು ಗಂಟೆ ಓಡ್ಲಿ” ಅಂದರು. ಮೆಕಾನಿಕ್ ಟೀ ತರಿಸಿದ. ಅವರು ಗ್ಲಾಸನ್ನು ಕೈಯಲ್ಲೇ ಹಿಡಿದು ಪರದೆ ನೋಡುತ್ತಾ ಕುಡಿದರು. ಒಂದು ಗಂಟೆ ಐದು ನಿಮಿಷ ಓಡಿತು.

ದುಡ್ಡು ನಾನು ಕೊಟ್ಟೆ. ಅವರು ತಡೆಯಲಿಲ್ಲ. ಅಂದರೆ ಕೇಳಿಸಿತ್ತು.

ಬಸ್ ಸ್ಟಾಪಿನಲ್ಲಿ ಮೆಜೆಸ್ಟಿಕ್ ಬಸ್ಸು ಬಂದಾಗ ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು, ನನ್ನ ಅಂಗಿಯ ಜೇಬಿಗೆ ಒಂದು ನೋಟು ಇಳಿಬಿಟ್ಟರು. ಐನೂರು.

“ಅವತ್ತು ಚಾರ್ಜಿಗೆ ಅಂತ ಕೊಟ್ಟಿದ್ರಲ್ಲ.”

ಬೇಡ ಅನ್ನುವಷ್ಟರಲ್ಲಿ ಬಸ್ಸು ಹತ್ತಿದ್ದರು. ಕೈಯಲ್ಲಿ ಕಾಯಿಯ ಚೀಲ ಹಾಗೇ ಇತ್ತು. ಅದನ್ನು ಮಾತ್ರ ಅವರು ವಾಪಸು ಕೇಳಿರಲಿಲ್ಲ.

ಮನೆಯಲ್ಲಿ ಹೆಂಡತಿ ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು. “ಎಲ್ಲಾ ಚೆನ್ನಾಗಿವೆ ರೀ. ಯಾರು ಕೊಟ್ಟಿದ್ದು?”

“ಲ್ಯಾಪ್‌ಟಾಪ್ ತಗೊಂಡಿದ್ರಲ್ಲ, ಅವರು.”

“ಪಾಪ. ಮಾರಿದೋರಿಗೆ ಕೊಂಡೋರು ಕಾಯಿ ಕೊಡೋದು ಎಲ್ಲಾದ್ರೂ ಉಂಟಾ?” ಅಂದಳು. ನಾನು ಚಪ್ಪಲಿ ಬಿಡುತ್ತಿದ್ದೆ. ಅವಳು ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು.